ಅಕ್ಕಿಯೊಳಗಿನ ಕೆನೆ: ಅಣಬೆ ರಿಸೊಟ್ಟೊ ಕಲಿಸಿದ ಪಾಠಗಳು

ಮನೆಯಲ್ಲಿ ರಿಸೊಟ್ಟೊ ಮಾಡಬೇಕೆಂದು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಫ್ರೆಶ್ ಕ್ರೀಮ್ ಎಷ್ಟು ಹಾಕಬೇಕು ಅಂತ. ಒಂದು ಚಮಚವೂ ಬೇಡ. ಉತ್ತರ ಇಟಲಿಯ ನೊವಾರಾದಲ್ಲಿ ಕೆಲವು ವರ್ಷ ಸಂಸಾರ ಮಾಡಿದೆ, ಅಕ್ಕಪಕ್ಕದ ಮನೆಗಳ ಒಲೆ ಮುಂದೆ ನಿಂತು ಕಲಿತೆ, ಈಗ ಬೆಂಗಳೂರಿನ ನನ್ನ ಅಡುಗೆಮನೆಯಲ್ಲಿ ಕಲಿಯುವ ಮನಸ್ಸಿದ್ದವರಿಗೆ ಕಲಿಸುತ್ತೇನೆ. ಆ ಊರಿನ ಯಾವ ಮನೆಯಲ್ಲೂ ರಿಸೊಟ್ಟೊಗೆ ಕ್ರೀಮ್ ಸುರಿದದ್ದನ್ನು ನೋಡಲಿಲ್ಲ. ಆ ನುಣುಪು ಅಕ್ಕಿಯದ್ದು. ಅದನ್ನು ಕಾಳಿನಿಂದ ಹೊರಗೆ ಕರೆದು ತರುವುದೇ ಈ ಅಡುಗೆ; ಕೆಳಗೆ ಬರೆದಿರುವ ಒಂದೊಂದು ಮಾತೂ ಆ ಕೆಲಸಕ್ಕೇ ಸೇರಿದ್ದು.

ಅಳತೆ ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಜನಕ್ಕೆ 320 ಗ್ರಾಂ ಅಕ್ಕಿ, ಅಂದರೆ ತಲೆಗೆ 80 ಗ್ರಾಂ. ಇಟಲಿಯ ಮನೆಗಳ ಲೆಕ್ಕ ಇದೇ. ಒಂದೂವರೆ ಲೀಟರ್ ತರಕಾರಿ ಸಾರು, 25 ಗ್ರಾಂ ಒಣ ಪೊರ್ಚಿನಿ ಅಣಬೆ, 350 ಗ್ರಾಂ ಹಸಿ ಅಣಬೆ, ಒಂದು ಚಿಕ್ಕ ಈರುಳ್ಳಿ, ಅರ್ಧ ಲೋಟ ಬಿಳಿ ವೈನ್, ಒಟ್ಟು 80 ಗ್ರಾಂ ಬೆಣ್ಣೆ, 60 ಗ್ರಾಂ ತುರಿದ ಪಾರ್ಮೆಸಾನ್, ಒಂದೆರಡು ಚಮಚ ಆಲಿವ್ ಎಣ್ಣೆ, ಒಂದು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಪಾರ್ಸ್‌ಲಿ ಸೊಪ್ಪು.

1. ಅಕ್ಕಿ ತೊಳೆಯಬೇಡಿ

ನಮ್ಮ ಕೈಗೆ ಇದು ಎಲ್ಲಕ್ಕಿಂತ ಕಷ್ಟದ ಪಾಠ. ಅಮ್ಮ ನೊವಾರಾಕ್ಕೆ ಬಂದಿದ್ದಾಗ ನಾನು ಪೊಟ್ಟಣ ಕತ್ತರಿಸಿ ಅಕ್ಕಿಯನ್ನು ನೇರವಾಗಿ ಪಾತ್ರೆಗೆ ಸುರಿದದ್ದು ಕಂಡು, "ಏನೇ ಇದು, ತೊಳೀದ ಅಕ್ಕೀನ ಒಲೆ ಮೇಲಿಡ್ತಾರೇನೇ?" ಅಂತ ಎದ್ದೇ ಬಂದರು. "ಇದಕ್ಕೆ ತೊಳೀಬಾರದಮ್ಮ" ಅಂದರೆ ಒಪ್ಪಲಿಲ್ಲ. ಕೊನೆಗೆ ಒಂದು ಹಿಡಿ ಅಕ್ಕಿಯನ್ನು ಅವರೆದುರಿಗೇ ಬಟ್ಟಲಲ್ಲಿ ತೊಳೆದು ತೋರಿಸಿದೆ. ನೀರು ಹಾಲಿನ ಬಣ್ಣಕ್ಕೆ ತಿರುಗಿತು. "ಈ ಬಿಳುಪೇ ಅಮ್ಮ ನನಗೆ ಬೇಕಾಗಿರೋದು" ಅಂದೆ. "ಹಾಗಾದ್ರೆ ಆರಿಸಾದ್ರೂ ಕೊಡ್ತೀನಿ ತಾ" ಅಂತ ತಟ್ಟೆ ತೆಗೆದುಕೊಂಡು ಕೂತರು.

ನಮ್ಮಲ್ಲಿ ಅನ್ನ ಉದುರುದುರಾಗಿ ಬರಬೇಕು, ಅದಕ್ಕೇ ಎರಡು ಮೂರು ಸಲ ತೊಳೆದು ಆ ನೀರನ್ನು ಕಲಗಚ್ಚಿಗೋ ಗಿಡಕ್ಕೋ ಹಾಕುತ್ತೇವೆ. ಮಿಲ್ಲಿನಲ್ಲಿ ಪಾಲಿಷ್ ಆಗುವಾಗ ಕಾಳಿನ ಮೈಗೆ ಅಂಟಿಕೊಂಡ ಹುಡಿ ಪಿಷ್ಟ ಅದು. ರಿಸೊಟ್ಟೊದ ಸಾರಿಗೆ ಮೊದಲು ಸೇರುವುದೂ ಅದೇ. ತೊಳೆದರೆ ಕೆನೆಯ ಒಂದು ಪಾಲನ್ನು ಒಲೆ ಹಚ್ಚುವ ಮೊದಲೇ ಸಿಂಕಿಗೆ ಸುರಿದ ಹಾಗೆ. ನೆನೆಸುವುದೂ ಬೇಡ. ಪೊಟ್ಟಣದ ಅಕ್ಕಿ ಸ್ವಚ್ಛವಾಗಿಯೇ ಬರುತ್ತದೆ. ಮನಸ್ಸು ತಡೆಯದಿದ್ದರೆ ಒಣ ಬಟ್ಟೆಯ ಮೇಲೆ ಹರಡಿ ಒರೆಸಿ, ಸಾಕು.

2. ಅಕ್ಕಿ ಯಾವುದು ಎಂಬಲ್ಲಿ ರಾಜಿ ಬೇಡ

ಪಿಷ್ಟದಲ್ಲಿ ಎರಡು ಬಗೆ: ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್. ಸಾರಿಗೆ ಬಿಟ್ಟುಕೊಂಡು ಮಂದ ಮಾಡುವುದು ಮುಖ್ಯವಾಗಿ ಅಮೈಲೋಪೆಕ್ಟಿನ್. ಕಾಳು ಕುದಿಯಲ್ಲೂ ಬಿಗಿಯಾಗಿ ಉಳಿಯಲು ಅಮೈಲೋಸ್ ಬೇಕು. ರಿಸೊಟ್ಟೊ ಅಕ್ಕಿಗೆ ಎರಡೂ ಗುಣ ಒಟ್ಟಿಗಿರಬೇಕು: ಹೊರಮೈ ಕರಗಬೇಕು, ಒಳತಿರುಳು ಹಲ್ಲಿಗೆ ಸಿಗಬೇಕು. ಕಾರ್ನಾರೋಲಿ ಅಕ್ಕಿಯ ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿ. ಅಂಚು ಗಾಜಿನಂತೆ ತಿಳಿ, ನಡುವೆ ಸುಣ್ಣದ ಬಿಳಿ ಮಚ್ಚೆ. ಇಟಾಲಿಯನ್ನರು ಆ ಮಚ್ಚೆಯನ್ನು ಮುತ್ತು ಎಂದೇ ಕರೆಯುತ್ತಾರೆ.

ಅಂಗಡಿಯಲ್ಲಿ ಸಿಗುವ ಹೆಸರುಗಳು ಮೂರು. ಆರ್ಬೋರಿಯೊ ಎಲ್ಲರಿಗೂ ಗೊತ್ತಿರುವುದು. ವೆರ್ಚೆಲ್ಲಿ ಜಿಲ್ಲೆಯ ಆರ್ಬೋರಿಯೊ ಎಂಬ ಊರಿನ ಹೆಸರು, 1946ರ ತಳಿ. ಕಾಳು ದಪ್ಪ, ಪಿಷ್ಟ ಧಾರಾಳ, ಆದರೆ ಒಂದು ನಿಮಿಷ ಹೆಚ್ಚಾದರೆ ಮುದ್ದೆಯಾಗುತ್ತದೆ. ಕಾರ್ನಾರೋಲಿ 1945ರದ್ದು, ಮಿಲಾನಿನ ಪಕ್ಕದ ಪೌಲ್ಲೊದಲ್ಲಿ ವಿಯಲೋನೆ ಮತ್ತು ಲೆಂಚಿನೊ ಎಂಬ ಎರಡು ತಳಿ ಕೂಡಿಸಿ ತೆಗೆದದ್ದು. ಅಮೈಲೋಸ್ ಹೆಚ್ಚು, ಹಾಗಾಗಿ ಅಡುಗೆಯವರ ಸಣ್ಣಪುಟ್ಟ ತಪ್ಪನ್ನು ತಾಳಿಕೊಳ್ಳುತ್ತದೆ. ಹೊಸಬರು ಇದನ್ನೇ ಕೊಳ್ಳಿ ಎನ್ನುತ್ತೇನೆ. ಮೂರನೆಯದು ವಿಯಲೋನೆ ನಾನೊ, 1937ರ ತಳಿ, ವೆನೆತೊ ಸೀಮೆಯ ವೆರೋನಾ ಸುತ್ತಿನದು. ಕಾಳು ಗುಂಡಗೆ, ಸಾರು ಚೆನ್ನಾಗಿ ಕುಡಿಯುತ್ತದೆ, ಬೇಗ ಬೇಯುತ್ತದೆ. ಕಾರ್ನಾರೋಲಿ ಕೊಳ್ಳುವಾಗ ಪೊಟ್ಟಣದ ಮೇಲೆ 'ಕ್ಲಾಸಿಕೊ' ಎಂದು ಇದೆಯೇ ನೋಡಿ. ಅದನ್ನು ಹೋಲುವ ಬೇರೆ ತಳಿಗಳನ್ನೂ ಅದೇ ಹೆಸರಲ್ಲಿ ಮಾರಲು ಅಲ್ಲಿನ ಕಾನೂನು ಬಿಡುತ್ತದೆ; ಅಸಲಿ ತಳಿ ಎಂದು ಗುರುತಿಸುವುದು ಆ ಒಂದು ಮಾತು.

ಈ ಅಕ್ಕಿ ಬೆಳೆಯುವ ಸೀಮೆಯನ್ನು ನೋಡಿದವರಿಗೆ ಅದರ ಮೇಲೆ ಗೌರವ ತಾನಾಗಿ ಬರುತ್ತದೆ. ಪೊ ನದಿಯ ಬಯಲಿಗೆ ಅಕ್ಕಿ ಬಂದದ್ದು ಹದಿನೈದನೆಯ ಶತಮಾನದಲ್ಲಿ. 1475ರಲ್ಲಿ ಮಿಲಾನಿನ ದೊರೆ ಗಲೆಯಾಝೊ ಮರಿಯಾ ಸ್ಫೋರ್ಜಾ ಫೆರಾರಾದ ದೊರೆಗೆ ಅಕ್ಕಿ ಮೂಟೆ ಕಳಿಸಿದ ದಾಖಲೆಯಿದೆ. 1863ರಿಂದ 1866ರೊಳಗೆ ಕವೂರ್ ಕಾಲುವೆ ತೋಡಿದರು. 80 ಕಿಲೋಮೀಟರಿಗೂ ಹೆಚ್ಚು ಉದ್ದದ ಆ ಕಾಲುವೆ ಪೊ ನದಿಯ ನೀರನ್ನು ವೆರ್ಚೆಲ್ಲಿ, ನೊವಾರಾದ ಗದ್ದೆಗಳಿಗೆ ಇವತ್ತಿಗೂ ಹರಿಸುತ್ತಿದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಕಟ್ಟಿದಾಗ ಟುರಿನ್–ಮಿಲಾನ್ ರೈಲಿನ ಎರಡೂ ಕಡೆ ಕೆರೆ ತುಂಬಿದ ಹಾಗೆ ಕಾಣುತ್ತದೆ, ತಿಳಿಯಾದ ದಿನ ಮೊಂಟೆ ರೋಸಾ ಶಿಖರದ ಹಿಮ ಗದ್ದೆಯೊಳಗೇ ಬಿದ್ದಿರುತ್ತದೆ. ಕಳೆನಾಶಕ ಬರುವ ಮೊದಲು ಆ ನೀರಿನಲ್ಲಿ ಮೊಣಕಾಲುದ್ದ ನಿಂತು ಕಳೆ ಕೀಳುತ್ತಿದ್ದವರು ಬೇರೆ ಬೇರೆ ಸೀಮೆಗಳಿಂದ ಕೂಲಿಗೆ ಬರುತ್ತಿದ್ದ ಹೆಂಗಸರು, ಮೊಂಡೀನೆಯರು. 1949ರ 'ರೀಸೊ ಅಮಾರೊ' ಸಿನಿಮಾ ಅವರ ಬದುಕಿನದ್ದೇ. ಬೆನ್ನು ಬಗ್ಗಿಸಿ ಹಾಡಿಕೊಂಡು ನಾಟಿ ಮಾಡುವ ಮಂಡ್ಯದ ಹೆಂಗಸರನ್ನು ಕಂಡು ಬೆಳೆದ ನನಗೆ ಅವರ ಹಳೆಯ ಫೋಟೊಗಳು ಪರದೇಶದ್ದು ಅನ್ನಿಸಲಿಲ್ಲ.

ನಮ್ಮ ಸೋನಾ ಮಸೂರಿಯಲ್ಲಿ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಊಟಕ್ಕೆ ರುಚಿಯಾದ ಒಂದು ಅಡುಗೆ ಆಗುತ್ತದೆ, ರಿಸೊಟ್ಟೊ ಆಗುವುದಿಲ್ಲ. ಅದರ ಸಣ್ಣ ಕಾಳಿಗೆ ಈ ದಪ್ಪ ತಿರುಳಿಲ್ಲ. ಹೊರಮೈ ಕರಗುವಷ್ಟರಲ್ಲಿ ಒಳಗೂ ಮೆತ್ತಗಾಗಿರುತ್ತದೆ. ಕೈ ಪಳಗಿಸಿಕೊಳ್ಳಲು ಬೇಕಾದರೆ ಅಂಬೆಮೊಹರ್ ಅಕ್ಕಿ ತೆಗೆದುಕೊಳ್ಳಿ, ಅಂಟು ಸಾಕಷ್ಟಿದೆ. ಇಡ್ಲಿ ಅಕ್ಕಿ, ಕುಸುಬಲಕ್ಕಿ ಮಾತ್ರ ಬೇಡವೇ ಬೇಡ. ಭತ್ತವನ್ನೇ ಬೇಯಿಸಿ ಒಣಗಿಸಿರುವುದರಿಂದ ಪಿಷ್ಟ ಒಳಗೇ ಗಟ್ಟಿಯಾಗಿರುತ್ತದೆ, ಎಷ್ಟು ತಿರುಗಿಸಿದರೂ ಬಿಟ್ಟುಕೊಡುವುದಿಲ್ಲ.

3. ಒಣ ಅಣಬೆ ರುಚಿಗೆ, ಹಸಿ ಅಣಬೆ ಬಾಯಿಗೆ

ಅಣಬೆ ರಿಸೊಟ್ಟೊ ಸಪ್ಪೆ ಬಂತು ಎನ್ನುವವರ ಅಡುಗೆಯಲ್ಲಿ ಸಾಮಾನ್ಯವಾಗಿ ಬರಿಯ ಬಟನ್ ಅಣಬೆ ಇರುತ್ತದೆ. ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಗಾಢ ರುಚಿ ಬರುವುದು ಒಣಗಿಸಿದ ಅಣಬೆಯಿಂದ. ಒಣ ಅಣಬೆಯನ್ನು ನೆನೆಸಿ ಬೇಯಿಸಿದಾಗ ಗ್ವಾನಿಲೇಟ್ ಎಂಬ ಸತ್ವ ಹೊರಬರುತ್ತದೆ. ಕೊನೆಯಲ್ಲಿ ಬೀಳುವ ಪಾರ್ಮೆಸಾನಿನಲ್ಲಿ ಗ್ಲುಟಮೇಟ್ ತುಂಬಿದೆ. ಈ ಎರಡು ಸೇರಿದಾಗ ನಾಲಿಗೆಗೆ ಹತ್ತುವ ರುಚಿ, ಒಂದೊಂದೇ ಕೊಡುವ ರುಚಿಯನ್ನು ಕೂಡಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮಾಂಸದ ಸಾರಿಲ್ಲದೆಯೂ ಈ ಅಡುಗೆ ತುಂಬಿದ ಹಾಗಿರುವುದು ಇದರಿಂದ.

ಪೊರ್ಚಿನಿ ಆಲ್ಪ್ಸ್ ಮತ್ತು ಅಪೆನ್ನೈನ್ ಬೆಟ್ಟಗಳ ಚೆಸ್ಟ್‌ನಟ್, ಬೀಚ್, ಓಕ್ ಕಾಡುಗಳಲ್ಲಿ ಆ ಮರಗಳ ಬೇರಿನ ಜೊತೆ ಕೂಡಿಕೊಂಡು ಬೆಳೆಯುತ್ತದೆ. ಹಾಗಾಗಿಯೇ ತೋಟದಲ್ಲಿ ಬೆಳೆಯಲು ಬಗ್ಗಿಲ್ಲ. ಕಾಡಿನಿಂದ ಆರಿಸಿಯೇ ತರಬೇಕು, ಬೆಲೆಯೂ ಹಾಗೇ ಇದೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಒಣಗಿಸಿದ್ದು ಸಿಗುತ್ತದೆ. ಪೊಟ್ಟಣದ ಮೇಲಿಂದಲೇ ನೋಡಿ: ಚೂರುಗಳು ಅಗಲವಾಗಿ, ತಿಳಿ ಕಂದು ಬಣ್ಣದಲ್ಲಿರಬೇಕು. ಪುಡಿಯೇ ಹೆಚ್ಚಿದ್ದರೆ, ಪುಟ್ಟ ತೂತುಗಳು ಕಂಡರೆ ಬಿಟ್ಟುಬಿಡಿ, ತೂತು ಹುಳು ಹೊಕ್ಕ ಗುರುತು. ಸಿಗದಿದ್ದರೆ ಒಣ ಶಿಟಾಕೆ ಬಳಸಿ. ಪರಿಮಳ ಬೇರೆ, ಆದರೆ ಗ್ವಾನಿಲೇಟ್ ಅದರಲ್ಲೂ ಚೆನ್ನಾಗಿದೆ.

ನೆನೆಸುವ ಕ್ರಮ ಹೀಗೆ. ಉಗುರುಬೆಚ್ಚಗಿನ ಎರಡು ಲೋಟ ನೀರು, ಅರ್ಧ ಗಂಟೆ. ಅಣಬೆಯನ್ನು ಕೈಯಿಂದ ಮೇಲಕ್ಕೆ ಎತ್ತಿ ಹಿಂಡಿ ತೆಗೆಯಿರಿ, ಬಟ್ಟಲನ್ನು ಜಾಲರಿಗೆ ಬಗ್ಗಿಸಬೇಡಿ. ಬಗ್ಗಿಸಿದರೆ ತಳದ ಮಣ್ಣು ಮತ್ತೆ ಅಣಬೆಯ ಮೇಲೇ ಬೀಳುತ್ತದೆ. ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ, ಕೊನೆಯ ಎರಡು ಚಮಚವನ್ನು ಬಟ್ಟಲಲ್ಲೇ ಬಿಡಿ. ಕಾಫಿ ಡಿಕಾಕ್ಷನ್ ಬಣ್ಣದ ಆ ನೀರನ್ನು ಸಾರಿಗೆ ಬೆರೆಸಿ. ಹಲ್ಲಿಗೆ ಸಿಗುವ ಒಂದು ಕಣ ಮಣ್ಣು ಇಡೀ ತಟ್ಟೆಯ ಊಟ ಕೆಡಿಸುತ್ತದೆ. ಇಲ್ಲಿ ಆತುರ ಪಡಬೇಡಿ.

ಮಳೆಗಾಲದಲ್ಲಿ ಮಲೆನಾಡಿನಿಂದ, ಕೊಡಗಿನಿಂದ ಬಂದವರು ಹುತ್ತದ ಅಣಬೆ ಹಾಕಬಹುದೇ ಅಂತ ಕೇಳುತ್ತಾರೆ. ಧಾರಾಳವಾಗಿ. ಅಷ್ಟು ನವಿರಾದ ಅಣಬೆ ನೊವಾರಾ ಇರುವ ಪಿಯೆಮಾಂಟೆ ಸೀಮೆಯಲ್ಲೂ ನನಗೆ ಸಿಗಲಿಲ್ಲ. ಕೊನೆಯಲ್ಲಿ ಬೆಣ್ಣೆಯಲ್ಲಿ ಬಾಡಿಸಿ ಮೇಲಿಂದ ಹಾಕಿ. ಆದರೆ ಅಣಬೆ ಬಲ್ಲ ಹಿರಿಯರು ಆರಿಸಿದ್ದು ಮಾತ್ರ. ಇಟಲಿಯಲ್ಲಿ ಕಾಡಿನಿಂದ ಅಣಬೆ ತಂದವರು ಸರ್ಕಾರಿ ಆರೋಗ್ಯ ಕೇಂದ್ರದ ಅಣಬೆ ತಜ್ಞರ ಮುಂದೆ ಬುಟ್ಟಿಯಿಟ್ಟು ಪುಕ್ಕಟೆ ಪರೀಕ್ಷೆ ಮಾಡಿಸಿಕೊಳ್ಳಬಹುದು. ಆರಿಸುವುದಕ್ಕೂ ಬಹುಪಾಲು ಕಡೆ ಪರವಾನಗಿ ಬೇಕು. ಅಂಥ ಏರ್ಪಾಡು ನಮ್ಮ ತಾಲ್ಲೂಕುಗಳಲ್ಲೂ ಆಗಬೇಕೆಂದು ನನ್ನ ಬಲವಾದ ಆಸೆ.

4. ಹಸಿ ಅಣಬೆಗೆ ಬೇರೆ ಬಾಣಲೆ

ಹಸಿ ಅಣಬೆಯನ್ನು ಅಕ್ಕಿಯ ಜೊತೆಗೇ ಹಾಕಿ ಬೇಯಿಸಿದರೆ ಅದು ಬೂದು ಬಣ್ಣಕ್ಕೆ ತಿರುಗಿ ರಬ್ಬರಿನ ಹಾಗಾಗುತ್ತದೆ. ಅಗಲ ಬಾಣಲೆ ಚೆನ್ನಾಗಿ ಕಾಯಲಿ, ಒಂದು ಚಮಚ ಎಣ್ಣೆ ಹಾಕಿ, ಅಣಬೆಯನ್ನು ಒಂದೇ ಪದರದಲ್ಲಿ ಹರಡಿ. ರಾಶಿ ಹಾಕಿದರೆ ತನ್ನ ನೀರಿನಲ್ಲೇ ಬೇಯುತ್ತದೆ. ಮೊದಲು ಚುರ್ ಎನ್ನುತ್ತದೆ, ಆಮೇಲೆ ನೀರು ಬಿಟ್ಟುಕೊಂಡು ಸದ್ದು ಅಡಗುತ್ತದೆ, ನೀರು ಇಂಗಿದ ಮೇಲೆ ಮತ್ತೆ ಚುರ್ ಎನ್ನತೊಡಗುತ್ತದೆ. ಆ ಎರಡನೆಯ ಸದ್ದಿನವರೆಗೆ ಕಾಯಿರಿ. ಆಗ ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಬೆಣ್ಣೆ, ಉಪ್ಪು. ಅಂಚು ಹೊಂಬಣ್ಣಕ್ಕೆ ಬಂದೊಡನೆ ಇಳಿಸಿ. ಹೆಚ್ಚು ಹೊತ್ತು ಬೆಂದರೆ ಕರಗಿಬಿಡುತ್ತದೆಂಬ ಭಯ ಬೇಡ. ಅಣಬೆಯ ಜೀವಕೋಶದ ಗೋಡೆ ಕೈಟಿನ್‌ನದು, ತರಕಾರಿಯ ಹಾಗೆ ಬಿಸಿಗೆ ಕುಸಿಯುವುದಿಲ್ಲ.

ಇದರಲ್ಲಿ ಅರ್ಧವನ್ನು ಅಕ್ಕಿ ಮುಕ್ಕಾಲು ಬೆಂದಾಗ ಸೇರಿಸಿ, ಉಳಿದರ್ಧವನ್ನು ಬಡಿಸುವಾಗ ಮೇಲಿಡಿ. ಬಟನ್ ಅಣಬೆಗಿಂತ ಚಿಪ್ಪಣಬೆ ನನಗೆ ಹೆಚ್ಚು ಇಷ್ಟ. ಕೈಯಲ್ಲೇ ಸೀಳಬಹುದು, ಅಂಚು ಗರಿಯಾಗಿ ಬರುತ್ತದೆ.

5. ಸಾರು ಪಕ್ಕದ ಒಲೆಯ ಮೇಲೆ ಕುದಿಯುತ್ತಲೇ ಇರಲಿ

ತಣ್ಣನೆಯ ಸಾರು ಸುರಿದರೆ ಪ್ರತಿ ಸಲ ಬೇಯುವುದು ನಿಂತು ನಿಂತು ಸಾಗುತ್ತದೆ, ಹೊರಮೈ ಹಣ್ಣಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಕ್ಯಾರೆಟ್, ಸೆಲೆರಿ, ಈರುಳ್ಳಿ, ಹಸಿ ಅಣಬೆಯ ಕತ್ತರಿಸಿದ ಬುಡಗಳು, ನಾಲ್ಕು ಕಾಳುಮೆಣಸು ಹಾಕಿ ಮುಕ್ಕಾಲು ಗಂಟೆ ಕುದಿಸಿದರೆ ಸಾರಾಯಿತು. ಚಕ್ಕೆ, ಲವಂಗ, ಕೊತ್ತಂಬರಿ ಬೀಜ ಬೇಡ. ಪೊರ್ಚಿನಿಯ ವಾಸನೆಯನ್ನು ಅವು ನುಂಗಿಹಾಕುತ್ತವೆ. ಉಪ್ಪು ಅರೆಯಾಗಿರಲಿ. ಸಾರು ಇಂಗುತ್ತಾ ಹೋದ ಹಾಗೆ ಉಪ್ಪು ಏರುತ್ತದೆ, ಚೀಸಿನ ಉಪ್ಪು ಬೇರೆ ಬಂದು ಸೇರುತ್ತದೆ.

6. ದಪ್ಪ ತಳದ ಅಗಲ ಪಾತ್ರೆ

ಇಷ್ಟೇ. ಆಳದ ಪಾತ್ರೆಯಲ್ಲಿ ಕೆಳಗಿನ ಅಕ್ಕಿ ಬೆಂದು ಮೇಲಿನದು ಬೇಯದೆ ಉಳಿಯುತ್ತದೆ.

7. ಕಾಳು ಬಿಸಿಯಾಗಲಿ, ಬಣ್ಣ ತಿರುಗದಿರಲಿ

ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಬೆಣ್ಣೆ, ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ಒಗ್ಗರಣೆಯ ಕೆಂಪು ಬರಕೂಡದು, ಕಣ್ಣಿಗೆ ಪಾರದರ್ಶಕವಾಗಿ ಕಂಡರೆ ಸಾಕು. ನೆನೆದ ಪೊರ್ಚಿನಿಯನ್ನು ಕತ್ತರಿಸಿ ಇಲ್ಲೇ ಸೇರಿಸಿ. ಈಗ ಅಕ್ಕಿ. ಇದನ್ನು ಟೋಸ್ಟಾತೂರಾ ಎನ್ನುತ್ತಾರೆ: ಒಂದೊಂದು ಕಾಳಿಗೂ ಕೊಬ್ಬು ಹತ್ತಬೇಕು, ಒಳಗಿನವರೆಗೆ ಬಿಸಿ ತಾಗಬೇಕು. ಎರಡು ಮೂರು ನಿಮಿಷ. ನಾನು ಗಡಿಯಾರ ನೋಡುವುದಿಲ್ಲ, ಕಿವಿ ಕೊಡುತ್ತೇನೆ. ಆರಂಭದಲ್ಲಿ ಸೌಟಿಗೆ ಅಕ್ಕಿ ಮೆತ್ತಗೆ ಸರಿಯುತ್ತದೆ, ಹದ ಬಂದಾಗ ಪಾತ್ರೆಯ ತಳದಲ್ಲಿ ಸಣ್ಣ ಹರಳುಗಳು ಉರುಳಿದ ಸದ್ದು ಬರುತ್ತದೆ. ಕಾಳಿನ ಅಂಚು ಇನ್ನಷ್ಟು ತಿಳಿಯಾಗಿ ನಡುವಿನ ಮುತ್ತು ಎದ್ದು ಕಾಣುತ್ತದೆ, ಬೆರಳ ಬೆನ್ನಿಗೆ ತಾಗಿಸಿದರೆ ಚುರುಕ್ಕೆನ್ನುತ್ತದೆ.

ಹೀಗೆ ಬಿಸಿಯಾದ ಕಾಳಿನ ಹೊರಮೈ ತುಸು ಗಟ್ಟಿಯಾಗಿ, ಪಿಷ್ಟವನ್ನು ಒಮ್ಮೆಗೇ ಸುರಿಯದೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಆದರೆ ಉಪ್ಪಿಟ್ಟಿನ ರವೆ ಹುರಿದ ಅಭ್ಯಾಸದಲ್ಲಿ ಕಂದು ಬಣ್ಣಕ್ಕೆ ಹುರಿದುಬಿಟ್ಟರೆ ಪಿಷ್ಟಕ್ಕೆ ಮಂದ ಮಾಡುವ ಶಕ್ತಿಯೇ ಕುಂದುತ್ತದೆ. ಬಿಳಿ ಇರುವಾಗಲೇ ಮುಂದಿನ ಹೆಜ್ಜೆಗೆ ಹೋಗಿ.

8. ಹುಳಿ ಬೇಕು, ವೈನೇ ಆಗಬೇಕೆಂದಿಲ್ಲ

ಇಷ್ಟು ಬೆಣ್ಣೆ, ಚೀಸು, ಪಿಷ್ಟ ಸೇರಿದ ಅಡುಗೆಗೆ ಹುಳಿ ಇಲ್ಲದಿದ್ದರೆ ನಾಲ್ಕನೇ ತುತ್ತಿಗೆ ಬಾಯಿ ಕಟ್ಟುತ್ತದೆ. ಸಿಹಿಯಿಲ್ಲದ ಬಿಳಿ ವೈನನ್ನು ಬಿಸಿ ಅಕ್ಕಿಯ ಮೇಲೆ ಸುರಿದು, ಘಾಟು ಪೂರ್ತಿ ಹೋಗಿ ಪಾತ್ರೆಯ ತಳ ಒಣಗುವವರೆಗೆ ತಿರುಗಿಸಬೇಕು. ಮನೆಯಲ್ಲಿ ವೈನ್ ಬಳಸದವರು ಒಂದು ಚಮಚ ಬಿಳಿ ವಿನಿಗರ್‌ಗೆ ಮೂರು ಚಮಚ ನೀರು ಬೆರೆಸಿ ಇದೇ ಹೊತ್ತಿಗೆ ಹಾಕಿ, ಇಲ್ಲವೇ ಕೊನೆಯಲ್ಲಿ ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿ. ನಿಂಬೆಯನ್ನು ಕುದಿಸಿದರೆ ಕಹಿ ಬರುತ್ತದೆ.

ಮಿಲಾನಿನ ಹೆಸರಾಂತ ಅಡುಗೆಗಾರ ಗ್ವಾಲ್ತಿಯೆರೊ ಮಾರ್ಕೇಸಿ ಇದಕ್ಕೆ ಇನ್ನೊಂದು ದಾರಿ ತೋರಿಸಿದರು: ಈರುಳ್ಳಿಯನ್ನು ವೈನು, ವಿನಿಗರಿನಲ್ಲಿ ಇಂಗಿಸಿ, ಬೆಣ್ಣೆ ಕದಡಿ, ಸೋಸಿ, ತಣ್ಣಗೆ ಗಟ್ಟಿ ಮಾಡಿಟ್ಟುಕೊಂಡು ಕೊನೆಯಲ್ಲಿ ಆ ಹುಳಿ ಬೆಣ್ಣೆಯನ್ನೇ ಕಲಸುವುದು. ಈರುಳ್ಳಿಯ ಚೂರು ಬಾಯಿಗೆ ಸಿಗುವುದಿಲ್ಲ, ಹುಳಿ ಎಲ್ಲ ಕಡೆ ಸಮವಾಗಿ ಹರಡುತ್ತದೆ. ವಾರಕ್ಕೊಮ್ಮೆ ರಿಸೊಟ್ಟೊ ಮಾಡುವ ಮನೆಯಾದರೆ ಫ್ರಿಜ್ಜಿನಲ್ಲಿ ಇದರ ಒಂದು ಡಬ್ಬಿ ಇರಲೇಬೇಕು.

9. ತಿರುಗಿಸಿ, ಹಿಂಸಿಸಬೇಡಿ

ಸಾರನ್ನು ಸೌಟು ಸೌಟಾಗಿ ಹಾಕಬೇಕು, ಒಂದು ಕ್ಷಣವೂ ಕೈ ಬಿಡದೆ ತಿರುಗಿಸಬೇಕು ಎಂದು ಪುಸ್ತಕಗಳು ಹೆದರಿಸುತ್ತವೆ. ಕಾಳು ಕಾಳಿಗೆ ಉಜ್ಜಿದಾಗ ಪಿಷ್ಟ ಸಡಿಲವಾಗುತ್ತದೆ, ಆದ್ದರಿಂದ ತಿರುಗಿಸುವುದು ಬೇಕು. ಎಡೆಬಿಡದೆ ಕಲಕಿದರೆ ಅಡುಗೆ ತಣ್ಣಗಾಗುತ್ತದೆ, ಕಾಳು ಒಡೆದು ಅಂಟಂಟಾಗುತ್ತದೆ. ನಾನು ಮಾಡುವುದು: ಮೊದಲ ಸಲ ಮೂರು ನಾಲ್ಕು ಸೌಟು, ಅಕ್ಕಿ ಮುಳುಗುವಷ್ಟು. ತಳ ಹಿಡಿಯದ ಹಾಗೆ ಆಗಾಗ ಕೈಯಾಡಿಸುತ್ತೇನೆ. ಅಕ್ಕಿಯ ತಲೆ ಕಾಣಿಸಿದಾಗ ಮತ್ತೆರಡು ಸೌಟು. ಕೊನೆಯ ಐದು ನಿಮಿಷ ಮಾತ್ರ ಒಂದೊಂದೇ ಸೌಟು, ಬಿಡದೆ ತಿರುಗಿಸುವುದು; ಕೆನೆ ಏಳುವುದು ಆ ಹೊತ್ತಿನಲ್ಲೇ. ಕುದಿ ಮಾತ್ರ ಎಲ್ಲೂ ನಿಲ್ಲಬಾರದು. ಸಣ್ಣ ಗುಳ್ಳೆಗಳು ಅಲ್ಲಲ್ಲಿ ಪುಟಿಯುತ್ತಿರಬೇಕು.

ಪ್ರೆಷರ್ ಕುಕ್ಕರ್? ಇಟಲಿಯ ಎಷ್ಟೋ ಮನೆಗಳಲ್ಲಿ ವಾರದ ದಿನ ಅದರಲ್ಲೇ ಮಾಡುತ್ತಾರೆ, ಯಾರೂ ಮುಚ್ಚಿಡುವುದಿಲ್ಲ. ವೈನ್ ಇಂಗಿಸುವವರೆಗೆ ಇದೇ ಕ್ರಮ. 320 ಗ್ರಾಂ ಅಕ್ಕಿಗೆ ಮುಕ್ಕಾಲು ಲೀಟರ್ ಬಿಸಿ ಸಾರು, ಪ್ರೆಷರ್ ಬಂದ ಮೇಲೆ ಸಣ್ಣ ಉರಿಯಲ್ಲಿ ಆರು ನಿಮಿಷ, ಕೂಡಲೇ ಆವಿ ಬಿಟ್ಟು ಮುಚ್ಚಳ ತೆಗೆದು ಒಂದು ನಿಮಿಷ ಬಲವಾಗಿ ತಿರುಗಿಸಿ. ಚೆನ್ನಾಗಿಯೇ ಬರುತ್ತದೆ. ಆದರೆ ಬೇಯುವಾಗ ರುಚಿ ನೋಡಲಾಗದು, ಹದ ನಿಮ್ಮ ಕೈಯಲ್ಲಿರುವುದಿಲ್ಲ. ಕಲಿಯುವವರು ತೆರೆದ ಪಾತ್ರೆಯಲ್ಲೇ ಕಲಿಯಿರಿ.

10. ಗಡಿಯಾರಕ್ಕಿಂತ ಹಲ್ಲನ್ನು ನಂಬಿ

ಕಾರ್ನಾರೋಲಿ ಪೊಟ್ಟಣಗಳ ಮೇಲೆ 16–18 ನಿಮಿಷ ಎಂದಿರುತ್ತದೆ. ಪೊ ಬಯಲಿನ ಊರುಗಳಿಗೆ ಅದು ಸರಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಇನ್ನೊಂದೆರಡು ನಿಮಿಷ ಹಿಡಿಯುತ್ತದೆ, ಸಾರೂ ಸ್ವಲ್ಪ ಹೆಚ್ಚು ಬೇಕು. ಮಂಗಳೂರಿನಲ್ಲಿ ಮಾಡುವವರಿಗೆ ಪೊಟ್ಟಣದ ಲೆಕ್ಕವೇ ಸರಿಹೋಗುತ್ತದೆ.

ಹದಿನಾಲ್ಕನೆಯ ನಿಮಿಷದಿಂದ ಕಾಳು ತಿಂದು ನೋಡುತ್ತಾ ಹೋಗಿ. ಇನ್ನೊಂದು ಪರೀಕ್ಷೆಯೂ ಇದೆ: ಒಂದು ಕಾಳನ್ನು ಕಲ್ಲುಕಟ್ಟೆಯ ಮೇಲಿಟ್ಟು ಬೆರಳಿನಿಂದ ಒತ್ತಿ ಎಳೆಯಿರಿ. ಬಿಳಿ ಚೂರುಗಳು ಮೂರ್ನಾಲ್ಕು ಕಂಡರೆ ಇನ್ನೂ ಬೇಯಬೇಕು. ಸಾಸಿವೆಗಿಂತ ಸಣ್ಣ ಒಂದೇ ಚುಕ್ಕೆ ಉಳಿದಿದ್ದರೆ ಅದೇ ಹದ. ಏನೂ ಕಾಣದಿದ್ದರೆ ತಡವಾಗಿದೆ. ಇಳಿಸಿದ ಮೇಲೂ ಎರಡು ನಿಮಿಷ ಬೇಯುತ್ತಲೇ ಇರುತ್ತದೆ ಎಂಬುದು ನೆನಪಿರಲಿ.

11. ಬೆಣ್ಣೆ ತಣ್ಣಗಿರಲಿ, ಒಲೆ ಆರಿರಲಿ

ಇಡೀ ಅಡುಗೆಯ ಜೀವ ಈ ಎರಡು ನಿಮಿಷದಲ್ಲಿದೆ. ಮಾಂಟೆಕಾತೂರಾ ಎಂದು ಅವರು ಕರೆಯುವುದು ಇದನ್ನು. ಒಲೆ ಆರಿಸಿ, ಪಾತ್ರೆಯನ್ನು ಪಕ್ಕಕ್ಕಿಡಿ. ಒಂದು ನಿಮಿಷ ಮುಟ್ಟಬೇಡಿ, ಕುದಿ ಅಡಗಲಿ. ಆಮೇಲೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬೆಣ್ಣೆಯ ಚಿಕ್ಕ ಚಿಕ್ಕ ತುಂಡುಗಳನ್ನು ಹಾಕಿ, ಒಂದು ಕೈಯಲ್ಲಿ ಪಾತ್ರೆಯನ್ನು ಕುಲುಕುತ್ತಾ ಇನ್ನೊಂದು ಕೈಯಲ್ಲಿ ಮರದ ಸೌಟಿನಿಂದ ರಭಸವಾಗಿ ಕಲಸಿ. ತಣ್ಣನೆಯ ಬೆಣ್ಣೆ ನಿಧಾನವಾಗಿ ಕರಗುವುದರಿಂದ ಅದರ ಕೊಬ್ಬು ಸೂಕ್ಷ್ಮ ಹನಿಗಳಾಗಿ ಪಿಷ್ಟದ ಸಾರಿನೊಳಗೆ ಹರಡಿ ನಿಲ್ಲುತ್ತದೆ; ಪಿಷ್ಟ ಆ ಹನಿಗಳು ಮತ್ತೆ ಕೂಡದ ಹಾಗೆ ಹಿಡಿದಿಡುತ್ತದೆ. ಉರಿ ಆರಿಸದೆ ಕರಗಿದ ಬೆಣ್ಣೆ ಸುರಿದರೆ ಎಣ್ಣೆ ಮೇಲೆ ತೇಲುತ್ತದೆ. ಬೆಣ್ಣೆ ಸೇರಿದ ಮೇಲೆ ಚೀಸು. ಕುದಿಯುವಾಗ ಹಾಕಿದ ಚೀಸು ಎಳೆ ಎಳೆಯಾಗಿ ಗಂಟು ಕಟ್ಟುತ್ತದೆ.

ಕಲಸುತ್ತಿದ್ದ ಹಾಗೆ ಬಣ್ಣವೇ ತಿಳಿಯಾಗುವುದು ಕಣ್ಣಿಗೆ ಕಾಣುತ್ತದೆ. ಕಂದು ಸಾರು ಹಾಲುಗೂಡಿ, ಮೈಮೇಲೆ ಹೊಳಪು ಬರುತ್ತದೆ. ಕ್ರೀಮ್ ಬೇಡವೆಂದು ನಾನು ಹೇಳುವ ಮಾತನ್ನು ಹೊಸಬರು ನಂಬುವುದು ಇದನ್ನು ಕಂಡ ಮೇಲೆಯೇ. ಗಟ್ಟಿ ಅನ್ನಿಸಿದರೆ ಅರ್ಧ ಸೌಟು ಬಿಸಿ ಸಾರು ಬೆರೆಸಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಪಾರ್ಮಿಜಾನೊ ರೆಜ್ಜಾನೊ, ಗ್ರಾನಾ ಪದಾನೊ ಎರಡಕ್ಕೂ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಇದನ್ನು ತಿಳಿಯದೆ ತಿನ್ನುವವರು ನಮ್ಮಲ್ಲಿ ಬಹಳ. ನಾನು ಅತಿಥಿಗಳಿಗೆ ಮೊದಲೇ ಹೇಳುತ್ತೇನೆ. ಮೈಕ್ರೋಬಿಯಲ್ ರೆನೆಟ್‌ನಿಂದ ಮಾಡಿದ ಗಟ್ಟಿ ಚೀಸುಗಳು ನಮ್ಮ ದೇಶದಲ್ಲೇ ತಯಾರಾಗುತ್ತವೆ, ಪೊಟ್ಟಣದ ಹಿಂದಿನ ಪಟ್ಟಿ ಓದಿ ಕೊಳ್ಳಿ. ಡಬ್ಬಿಯಲ್ಲಿ ಪುಡಿ ಮಾಡಿಟ್ಟ ಚೀಸು ಬೇಡ. ಅಂಟದಿರಲೆಂದು ಸೇರಿಸಿದ ಹುಡಿಯಿಂದಾಗಿ ಸರಿಯಾಗಿ ಕರಗುವುದಿಲ್ಲ.

12. ತಟ್ಟೆಯಲ್ಲಿ ಹರಿಯಬೇಕು

ಅಚ್ಚಿನಲ್ಲಿ ಒತ್ತಿ ಗುಡ್ಡದ ಹಾಗೆ ನಿಲ್ಲಿಸಿದ ರಿಸೊಟ್ಟೊವನ್ನು ಕೆಲವು ಹೋಟೆಲುಗಳಲ್ಲಿ ಬಡಿಸುತ್ತಾರೆ. ಆ ಆಕಾರಕ್ಕೆ ನಿಂತಿತು ಎಂದರೆ ಮೀರಿ ಬೆಂದಿದೆ, ಇಲ್ಲವೇ ಆರಿದೆ. ಅಲೆಯ ಹದ, ಆಲ್ಲೊಂಡಾ, ಎನ್ನುವುದು ಅಲ್ಲಿನವರ ಅಳತೆ: ಪಾತ್ರೆಯನ್ನು ಕುಲುಕಿದರೆ ಅಡುಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಲೆಯಾಗಿ ಸಾಗಬೇಕು. ಒಲೆಯಿಂದ ಆಗಷ್ಟೇ ಇಳಿಸಿದ ಬಿಸಿಬೇಳೆಬಾತ್ ತಟ್ಟೆಗೆ ಬಿದ್ದು ತಾನೇ ಹರಡಿಕೊಳ್ಳುತ್ತದಲ್ಲ, ಅಷ್ಟು ಸಡಿಲ. ಬಿಸಿ ನೀರಿನಲ್ಲಿ ತೊಳೆದು ಬೆಚ್ಚಗೆ ಮಾಡಿದ ಅಗಲ ತಟ್ಟೆಗೆ ಹಾಕಿ, ತಟ್ಟೆಯ ತಳಕ್ಕೆ ಅಂಗೈಯಿಂದ ಎರಡು ಸಲ ತಟ್ಟಿ, ಸಮವಾಗಿ ಕೂರುತ್ತದೆ. ಮೇಲೆ ಉಳಿದ ಅಣಬೆ, ಹೆಚ್ಚಿದ ಪಾರ್ಸ್‌ಲಿ, ಕುಟ್ಟಿದ ಮೆಣಸು.

ಐದು ನಿಮಿಷ ಬಿಟ್ಟರೆ ಕಾಳು ಆ ಸಾರನ್ನೆಲ್ಲ ಕುಡಿದು ಬಿಗಿಯುತ್ತದೆ. ಆದ್ದರಿಂದ ಎಲ್ಲರೂ ಕೈತೊಳೆದು ಕೂತ ಮೇಲೇ ಬೆಣ್ಣೆ ಹಾಕುತ್ತೇನೆ. ಹೆಚ್ಚು ಜನ ಬರುವ ದಿನ ಹೋಟೆಲಿನವರ ಉಪಾಯ ಮಾಡಿ: ಹತ್ತು ಹನ್ನೊಂದು ನಿಮಿಷ ಬೇಯಿಸಿ, ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ ಬೇಗ ತಣಿಸಿ ಫ್ರಿಜ್ಜಿನಲ್ಲಿಡಿ. ಊಟದ ಹೊತ್ತಿಗೆ ಬಿಸಿ ಸಾರು ಹಾಕಿ ಉಳಿದದ್ದನ್ನು ಬೇಯಿಸಿ ಮುಗಿಸಿ. ಆರು ಜನಕ್ಕಿಂತ ಹೆಚ್ಚಾದರೆ ಎರಡು ಪಾತ್ರೆಯಲ್ಲಿ ಮಾಡಿ.

13. ಉಳಿದದ್ದಕ್ಕೆ ನಾಳೆಯ ಊಟ

ಉಳಿದ ರಿಸೊಟ್ಟೊವನ್ನು ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಅಡುಗೆಮನೆಯ ಬಿಸಿಯಲ್ಲಿ ರಾತ್ರಿಯಿಡೀ ಇಟ್ಟ ಅನ್ನದಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಬಿಟ್ಟ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಮರುದಿನ ಅದನ್ನು ಸಾರು ಹಾಕಿ ಬಿಸಿ ಮಾಡಿ ಹಿಂದಿನ ರಾತ್ರಿಯ ಹದಕ್ಕೆ ತರಲು ಹೋಗಬೇಡಿ, ಬರುವುದಿಲ್ಲ.

ಸಿಸಿಲಿಯವರು ಉಂಡೆ ಕಟ್ಟಿ, ನಡುವೆ ಹೂರಣ ತುಂಬಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದು ಆರಂಚೀನಿ ಮಾಡುತ್ತಾರೆ. ಅಲ್ಲಿ ಅದಕ್ಕೆಂದೇ ಅನ್ನ ಬೇಯಿಸುತ್ತಾರೆ, ನಮ್ಮ ಮನೆಗೆ ಉಳಿದದ್ದೇ ಸಾಕು. ನನಗೆ ಹೆಚ್ಚು ಹಿಡಿಸಿದ್ದು ಮಿಲಾನಿನ ರೀಸೊ ಆಲ್ ಸಾಲ್ತೊ, ನಿನ್ನೆಯ ಕೇಸರಿ ರಿಸೊಟ್ಟೊದಿಂದ ಅಲ್ಲಿನವರು ಮಾಡುವ ರೊಟ್ಟಿ. ಅಣಬೆಯದ್ದರಲ್ಲೂ ಅಷ್ಟೇ ಚೆನ್ನ. ಕಬ್ಬಿಣದ ಕಾವಲಿಗೆ ಬೆಣ್ಣೆ ಹಾಕಿ, ತಣ್ಣನೆಯ ರಿಸೊಟ್ಟೊವನ್ನು ಬೆರಳು ದಪ್ಪಕ್ಕಿಂತ ತೆಳುವಾಗಿ ತಟ್ಟಿ, ಮಧ್ಯಮ ಉರಿಯಲ್ಲಿ ಎಂಟು ಹತ್ತು ನಿಮಿಷ ಮುಟ್ಟದೆ ಬಿಡಿ. ಅಂಚು ಕೆಂಪಾಗಿ ಕಾವಲಿಯಿಂದ ತಾನೇ ಬಿಟ್ಟಾಗ, ಮೇಲೊಂದು ತಟ್ಟೆ ಮುಚ್ಚಿ ಬೋರಲು ಹಾಕಿ, ಇನ್ನಷ್ಟು ಬೆಣ್ಣೆ ಸವರಿ ಹಸಿ ಮಗ್ಗುಲನ್ನು ಮತ್ತೆ ಕಾವಲಿಗೆ ಜಾರಿಸಿ. ಎರಡೂ ಕಡೆ ಗರಿಗರಿ, ನಡುವೆ ಮೆತ್ತಗೆ ಬರುತ್ತದೆ. ಮಕ್ಕಳ ಟಿಫನ್ ಡಬ್ಬಿಗೆ ತ್ರಿಕೋನವಾಗಿ ಕತ್ತರಿಸಿ ಹಾಕಿ ಕಳಿಸಬಹುದು.